ತನ್ನ ಮರಣಶಾಸನಕ್ಕೆ ತಾನೇ ಒಪ್ಪಿಗೆ ಕೊಟ್ಟ ಮೇಲ್ಮನೆ

ಆಸ್ಟ್ರೇಲಿಯಾದಲ್ಲಿ ಆರು ರಾಜ್ಯಗಳಿವೆ. ಐದು ರಾಜ್ಯಗಳ ಶಾಸಕಾಂಗಕ್ಕೆ ಎರಡೆರಡು ಮನೆಗಳು, ಕ್ವೀನ್ಸ್‌ಲ್ಯಾಂಡಿಗೆ ಮಾತ್ರ ಒಂದೇ. ಅಲ್ಲಿಯೂ 1922ರವರೆಗೆ ಎರಡಿದ್ದವು. 1921ರ ಅಕ್ಟೋಬರ್ ಕೊನೆಯ ವಾರ ಬ್ರಿಸ್ಬೇನಿನ ಜಾರ್ಜ್ ಬೀದಿಯ ಶಾಸನಭವನದಲ್ಲಿ ಮೇಲ್ಮನೆಯ ಸದಸ್ಯರು ಸೇರಿ, ಇನ್ನು ಮುಂದೆ ತಮ್ಮ ಮನೆಯೇ ಇರಬಾರದೆಂಬ ಮಸೂದೆಗೆ ಬಹುಮತದಿಂದ ಒಪ್ಪಿಗೆ ಕೊಟ್ಟರು. ಒಪ್ಪಿದವರೆಲ್ಲ ಆಜೀವ ಸದಸ್ಯರು. ಚುನಾವಣೆಗೆ ನಿಲ್ಲುವ ಗೋಜಿಲ್ಲ, ಸೋಲುವ ಭಯವಿಲ್ಲ, ಸಾಯುವವರೆಗೂ ಹೆಸರಿನ ಹಿಂದೆ ‘ಮಾನ್ಯ’ ತಪ್ಪುವುದಿಲ್ಲ. ಅಂಥ ಕುರ್ಚಿಯನ್ನು ಯಾರಾದರೂ ತಾವಾಗಿಯೇ ಬಿಟ್ಟು ಎದ್ದು ಹೋಗುತ್ತಾರೆಯೇ?

ಹೋದರು. ಆದರೆ ತ್ಯಾಗದಿಂದಲ್ಲ. ಆ ಕುರ್ಚಿಗಳಲ್ಲಿ ಅವರನ್ನು ಕೂರಿಸಿದ್ದೇ ಒಂದು ದಿನ ಎದ್ದು ಹೋಗಲಿ ಎಂದು. ಇದು ಅರ್ಥವಾಗಬೇಕಾದರೆ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಲ್ಲಿನ ಶಾಸಕರು ಯಾರಾಗಿದ್ದರು, ಅವರನ್ನು ಯಾರು ಕಳುಹಿಸುತ್ತಿದ್ದರು, ಗವರ್ನರನಿಗೂ ಅವರಿಗೂ ನಡುವೆ ಏನು ನಡೆಯಿತು ಎಂಬುದನ್ನು ಬಿಡಿಸಿ ನೋಡಬೇಕು.

ಕ್ವೀನ್ಸ್‌ಲ್ಯಾಂಡ್ 1859ರಲ್ಲಿ ನ್ಯೂ ಸೌತ್ ವೇಲ್ಸ್‌ನಿಂದ ಬೇರ್ಪಟ್ಟು ಪ್ರತ್ಯೇಕ ವಸಾಹತಾಯಿತು. ಮರುವರ್ಷ ಅದರ ಮೊದಲ ಶಾಸಕಾಂಗ ಸೇರಿದ್ದು, ಒಂದು ಕಾಲಕ್ಕೆ ಕೈದಿಗಳನ್ನು ಇರಿಸಿದ್ದ ಹಳೆಯ ಕಟ್ಟಡದಲ್ಲಿ. 1901ರ ಜನವರಿ 1ರಂದು ಆರು ವಸಾಹತುಗಳು ಒಂದಾಗಿ ಆಸ್ಟ್ರೇಲಿಯಾ ಒಕ್ಕೂಟವಾದಾಗ ಕ್ವೀನ್ಸ್‌ಲ್ಯಾಂಡ್ ರಾಜ್ಯವಾಯಿತು. ಸುಂಕ, ರಕ್ಷಣೆ, ಅಂಚೆ, ವಲಸೆ ಕೇಂದ್ರಕ್ಕೆ ಹೋದವು. ಭೂಮಿ, ರೈಲು, ಶಾಲೆ, ಪೊಲೀಸು, ಗಣಿ, ಆಸ್ಪತ್ರೆ, ಕೂಲಿಕಾರರ ಕಾನೂನು ರಾಜ್ಯದ ಕೈಯಲ್ಲೇ ಉಳಿದವು. ದಿನನಿತ್ಯದ ಬದುಕಿಗೆ ತಾಕುವುದೆಲ್ಲ ರಾಜ್ಯದ ಪಾಲಿಗೆ ಬಂದಿತ್ತು ಎಂದರೆ ತಪ್ಪಲ್ಲ. ತನ್ನ ಕ್ಷೇತ್ರಕ್ಕೆ ಏನಾದರೂ ತರುವುದೊಂದೇ ಕೆಲಸ ಎಂದುಕೊಂಡ ಶಾಸಕನಿಗೆ ಅಲ್ಲಿ ‘ರಸ್ತೆ ಸೇತುವೆ ಸದಸ್ಯ’ ಎಂಬ ಅಡ್ಡಹೆಸರೇ ಇತ್ತು.

ಕರ್ನಾಟಕದಂಥ ಒಂಬತ್ತು ರಾಜ್ಯಗಳು ಹಿಡಿಸುವಷ್ಟು ದೊಡ್ಡ ನೆಲ ಅದು. 1901ರಲ್ಲಿ ಅದರ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಉತ್ತರದ ಕೆರ್ನ್ಸ್ ಪಟ್ಟಣದಿಂದ ರಾಜಧಾನಿಗೆ ಸುಮಾರು 1,700 ಕಿಲೋಮೀಟರು ದೂರ, ಆ ಎರಡು ಊರುಗಳ ನಡುವೆ ರೈಲು ಹಳಿ ಪೂರ್ತಿ ಕೂಡಿದ್ದು 1924ರ ಕೊನೆಗೆ. ಅಲ್ಲಿಯವರೆಗೆ ಉತ್ತರದ ಶಾಸಕರು ಅಧಿವೇಶನಕ್ಕೆ ಬರಬೇಕಾದರೆ ಕರಾವಳಿಯ ಹಡಗನ್ನೂ ನಂಬಬೇಕಾಗಿತ್ತು. ಕೆಳಮನೆ, ಅಂದರೆ ವಿಧಾನಸಭೆಯಲ್ಲಿ 72 ಸ್ಥಾನಗಳು. ಅವೆಲ್ಲ ಚುನಾವಣೆಯಿಂದ ತುಂಬುವಂಥವು. ಮೇಲ್ಮನೆಗೆ ಚುನಾವಣೆಯೇ ಇರಲಿಲ್ಲ. ಸರ್ಕಾರದ ಸಲಹೆಯಂತೆ ಗವರ್ನರ್ ಹೆಸರು ಸೂಚಿಸಿದರೆ ಆಯಿತು, ಆ ಮನುಷ್ಯ ಜೀವನಪರ್ಯಂತ ಸದಸ್ಯ. ಇಷ್ಟೇ ಜನ ಇರಬೇಕೆಂಬ ಗರಿಷ್ಠ ಮಿತಿಯೂ ಇರಲಿಲ್ಲ. ಈ ಕೊನೆಯ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಇಡೀ ಕಥೆಯ ಕೀಲಿಕೈ ಅಲ್ಲಿದೆ.

ಆ ಮನೆಯಲ್ಲಿ ಕೂತವರು ಬಹುಮಟ್ಟಿಗೆ ದೊಡ್ಡ ಹುಲ್ಲುಗಾವಲುಗಳ ಒಡೆಯರು, ವರ್ತಕರು, ವಕೀಲರು. ಸಾವಿರಾರು ಕುರಿಗಳನ್ನು ಮೇಯಿಸುವ ಸರ್ಕಾರಿ ಭೂಮಿಯನ್ನು ಗುತ್ತಿಗೆಗೆ ಹಿಡಿದವರು ಆ ಗುತ್ತಿಗೆಯ ಬಾಡಿಗೆ ಎಷ್ಟಿರಬೇಕೆಂಬ ಕಾನೂನನ್ನು ತಾವೇ ಪರಿಶೀಲಿಸುವ ವ್ಯವಸ್ಥೆ. ಅದಕ್ಕೆ ಅವರು ಕೊಡುತ್ತಿದ್ದ ಸಮರ್ಥನೆ ಎಲ್ಲ ಮೇಲ್ಮನೆಗಳೂ ಕೊಡುವಂಥದ್ದೇ: ಕೆಳಮನೆ ಆವೇಶದಲ್ಲಿ ಮಾಡಿದ್ದನ್ನು ತಣ್ಣಗೆ ಕೂತು ಮತ್ತೊಮ್ಮೆ ನೋಡುವ ಹಿರಿಯರು ಬೇಕು.

ಕೆಳಮನೆಗೆ ಬರುತ್ತಿದ್ದವರ ಚಹರೆ ಆ ಹೊತ್ತಿಗಾಗಲೇ ಬದಲಾಗತೊಡಗಿತ್ತು. 1891ರಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೂಲಿಗಾರರು ಕ್ವೀನ್ಸ್‌ಲ್ಯಾಂಡಿನಲ್ಲಿ ದೊಡ್ಡ ಮುಷ್ಕರ ಹೂಡಿದರು. ಸರ್ಕಾರ ಸೈನಿಕರನ್ನು ಕಳುಹಿಸಿತು, ಮುಷ್ಕರ ಮುರಿಯಿತು. ಮುಖಂಡರ ಮೇಲೆ ರಾಕ್‌ಹ್ಯಾಂಪ್ಟನ್‌ನಲ್ಲಿ ಪಿತೂರಿಯ ಮೊಕದ್ದಮೆ ನಡೆದು ಮೂರು ವರ್ಷ ಕಠಿಣ ಸಜೆಯಾಯಿತು. ಅವರನ್ನು ಇಟ್ಟಿದ್ದು ಬ್ರಿಸ್ಬೇನ್ ಬಳಿಯ ಸೇಂಟ್ ಹೆಲೆನಾ ದ್ವೀಪದ ಜೈಲಿನಲ್ಲಿ. ಆ ಕೈದಿಗಳಲ್ಲಿ ವಿಲಿಯಂ ಹ್ಯಾಮಿಲ್ಟನ್ ಎಂಬವನೂ ಒಬ್ಬ. ಅವನು 1899ರಲ್ಲಿ ಶಾಸಕನಾದ, ಮುಂದೆ ಮಂತ್ರಿಯಾದ, ಕೊನೆಗೆ ಇದೇ ಮೇಲ್ಮನೆಯ ಸಭಾಪತಿಯಾದ. ತನ್ನನ್ನು ಜೈಲಿಗಟ್ಟಿದ ವರ್ಗದವರು ಎದ್ದು ನಿಂತು ಅನುಮತಿ ಕೇಳಿ ಮಾತನಾಡಬೇಕಾದ ಪೀಠದಲ್ಲಿ ಕೂತಾಗ ಅವನ ಮನಸ್ಸಿನಲ್ಲಿ ಏನು ಓಡಿತೋ!

ಸೋತ ಮುಷ್ಕರದಿಂದ ಕೂಲಿಗಾರರು ಕಲಿತ ಪಾಠ ಸರಳ. ಸೈನಿಕರನ್ನು ಕಳುಹಿಸುವುದು ಸರ್ಕಾರವಾದರೆ, ಸರ್ಕಾರ ನಮ್ಮದಾಗಬೇಕು. 1892ರಲ್ಲಿ ಬಾರ್ಕೂ ಕ್ಷೇತ್ರದಿಂದ ಟಾಮ್ ರಯಾನ್ ಎಂಬ ಉಣ್ಣೆ ಕತ್ತರಿಸುವವನನ್ನು ಗೆಲ್ಲಿಸಿ ಕಳುಹಿಸಿದರು. ಅವನಿಗೆ ಶಾಸನಸಭೆ ಒಗ್ಗಲಿಲ್ಲ. ಅಲ್ಲಿ ಗೆಳೆಯರು ಅತಿಯಾಗಿ ಅಕ್ಕರೆ ತೋರುತ್ತಾರೆ, ವಿಸ್ಕಿ ಅತಿ ಕಡಕ್, ಕುರ್ಚಿಗಳು ಅತಿ ಮೆತ್ತಗೆ, ಇದು ಟಾಮಿ ರಯಾನನ ಜಾಗವಲ್ಲ ಎಂದು ಹೇಳಿ ವಾಪಸಾದನಂತೆ. ಅವನ ಪಕ್ಷದವರು ಮಾತ್ರ ವಾಪಸಾಗಲಿಲ್ಲ. 1899ರ ಡಿಸೆಂಬರಿನಲ್ಲಿ ಗಣಿ ಊರಾದ ಚಾರ್ಟರ್ಸ್ ಟವರ್ಸ್‌ನ ಶಾಸಕ ಆಂಡರ್ಸನ್ ಡಾಸನ್ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವನು, ಆಗಿ ಸರ್ಕಾರ ರಚಿಸಿದ. ಜಗತ್ತಿನಲ್ಲಿ ಕಾರ್ಮಿಕರ ಪಕ್ಷವೊಂದು ರಚಿಸಿದ ಮೊದಲ ಸರ್ಕಾರ ಅದು. ಬಾಳಿದ್ದು ಒಂದು ವಾರ.

ಕೂಲಿಗಾರ ಶಾಸಕನಾಗಲು ಮುಖ್ಯ ಕಾರಣಗಳಲ್ಲಿ ಒಂದು ಸಂಬಳ. ಶಾಸಕರಿಗೆ ಭತ್ಯೆ ಕೊಡುವ ಪದ್ಧತಿ ಆಸ್ಟ್ರೇಲಿಯಾದ ವಸಾಹತುಗಳಲ್ಲಿ ಬೇಗ ಬಂತು. ವಿಕ್ಟೋರಿಯಾದಲ್ಲಿ 1870ರಲ್ಲೇ, ನ್ಯೂ ಸೌತ್ ವೇಲ್ಸ್‌ನಲ್ಲಿ 1889ರಲ್ಲಿ. ಬ್ರಿಟಿಷ್ ಸಂಸತ್ತಿನ ಸಾಮಾನ್ಯ ಸದಸ್ಯರಿಗೆ ಸಂಬಳ ಬಂದದ್ದು 1911ರಲ್ಲಿ. ಇನ್ನೊಂದು ಕಾರಣ ಪಕ್ಷದ ಪ್ರತಿಜ್ಞೆ. ಲೇಬರ್, ಅಂದರೆ ಈ ಕಾರ್ಮಿಕರ ಪಕ್ಷದ ಅಭ್ಯರ್ಥಿ ಚುನಾವಣೆಗೆ ನಿಲ್ಲುವ ಮೊದಲೇ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಪಕ್ಷದ ಶಾಸಕರ ಸಭೆಯಲ್ಲಿ ಬಹುಮತ ಯಾವ ಕಡೆಗೋ, ಸದನದಲ್ಲಿ ತನ್ನ ಮತವೂ ಆ ಕಡೆಗೆ. ಇಂದು ನಾವು ವಿಪ್ ಎನ್ನುವುದರ ಪೂರ್ವಜ. ಇತರ ಪಕ್ಷದವರಿಗೆ ಇದು ಆತ್ಮವನ್ನು ಅಡವಿಡುವ ಕೆಲಸವಾಗಿ ಕಂಡಿತು, ಪಕ್ಷದವರಿಗೆ ಒಗ್ಗಟ್ಟಾಗಿ. ನನಗೆ ಇಬ್ಬರೂ ಸರಿ ಅನ್ನಿಸುತ್ತದೆ. ಆದರೆ ಈ ಸಹಿಯೊಂದು ಇಲ್ಲದಿದ್ದರೆ 1921ರ ಘಟನೆ ನಡೆಯುತ್ತಲೇ ಇರಲಿಲ್ಲ.

ಯಾರು ಮತದಾರರು ಎಂಬುದನ್ನೂ ಹೇಳಿಬಿಡಬೇಕು. ಬೇರೆ ಬೇರೆ ಕ್ಷೇತ್ರಗಳಲ್ಲಿ ಆಸ್ತಿ ಇದ್ದವರು ಅಲ್ಲೆಲ್ಲ ಮತ ಹಾಕುವ ಸೌಲಭ್ಯ 1905ರಲ್ಲಿ ಹೋಯಿತು, ಅದೇ ಕಾನೂನಿನಲ್ಲಿ ಹೆಂಗಸರಿಗೆ ಮತ ಬಂತು. ಬಿಳಿಯ ಹೆಂಗಸರಿಗೆ ಎಂದು ಸೇರಿಸಿ ಓದಿಕೊಳ್ಳಬೇಕು. ಆಸ್ಟ್ರೇಲಿಯಾದ ಮೂಲನಿವಾಸಿಗಳೂ ಏಷ್ಯಾ, ಆಫ್ರಿಕಾ, ಪೆಸಿಫಿಕ್ ದ್ವೀಪಗಳ ಮೂಲದವರೂ ಮತದಾರರ ಪಟ್ಟಿಯಿಂದ ಹೊರಗೆ. ಬ್ರಿಟಿಷ್ ಪ್ರಜೆಗಳೆನಿಸಿಕೊಂಡ ಭಾರತೀಯರಿಗೂ ಇದೇ ಗತಿ. 1922ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಯವರು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ನೆಲೆಸಿದ್ದ ಭಾರತೀಯರ ಪರವಾಗಿ ವಾದಿಸಿ ಬಂದ ಮೇಲೆ, 1925ರಲ್ಲಿ ಕೇಂದ್ರ ಚುನಾವಣೆಗಳ ಮಟ್ಟಿಗೆ ಅವರಿಗೆ ಮತ ಸಿಕ್ಕಿತು. ಕ್ವೀನ್ಸ್‌ಲ್ಯಾಂಡಿನ ಮೂಲನಿವಾಸಿಗಳು ರಾಜ್ಯದ ಚುನಾವಣೆಯಲ್ಲಿ ಮತ ಹಾಕಲು 1965ರವರೆಗೆ ಕಾಯಬೇಕಾಯಿತು. ಮುಂದೆ ‘ಜನ ಹೀಗೆಂದರು, ಜನ ಹಾಗೆಂದರು’ ಎಂದು ಬರೆಯುವಾಗ ಆ ಜನರ ಪಟ್ಟಿ ಎಷ್ಟು ಕಿರಿದು ಎಂಬುದು ನೆನಪಿರಲಿ.

ಈಗ ಜಗಳಕ್ಕೆ ಬರೋಣ. ಮೊದಲ ಅಂಕ 1907ರದು, ಅದರಲ್ಲೊಬ್ಬ ಪಾತ್ರಧಾರಿ ನಮಗೆ ಶಾಲೆಯ ಇತಿಹಾಸದ ಪುಸ್ತಕದಿಂದಲೇ ಪರಿಚಿತ. ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಗಳ ಚೆಮ್ಸ್‌ಫರ್ಡ್. 1916ರಲ್ಲಿ ಭಾರತದ ವೈಸ್‌ರಾಯ್ ಆಗುವ ಮೊದಲು, 1905ರಿಂದ 1909ರವರೆಗೆ ಅವನು ಕ್ವೀನ್ಸ್‌ಲ್ಯಾಂಡಿನ ಗವರ್ನರ್. ಅಲ್ಲಿನ ಪ್ರೀಮಿಯರ್ ವಿಲಿಯಂ ಕಿಡ್ಸ್ಟನ್ ಲೇಬರ್‌ನಿಂದ ಹೊರಬಂದು ತನ್ನದೇ ಗುಂಪು ಕಟ್ಟಿಕೊಂಡಿದ್ದವನು. ಕೂಲಿ ನಿಗದಿ ಮಾಡುವ ಮಂಡಳಿಗಳ ಮಸೂದೆಯೂ ಅಂಚೆ ಮತ ರದ್ದು ಮಾಡುವ ಮಸೂದೆಯೂ ಮೇಲ್ಮನೆಯಲ್ಲಿ ಸಿಕ್ಕಿಬಿದ್ದವು. ಮಸೂದೆ ಪಾಸಾಗುವಷ್ಟು ಹೊಸ ಸದಸ್ಯರನ್ನು ಮೇಲ್ಮನೆಗೆ ನೇಮಿಸಿ ಎಂದು ಕಿಡ್ಸ್ಟನ್ ಗವರ್ನರನನ್ನು ಕೇಳಿದ. ಚೆಮ್ಸ್‌ಫರ್ಡ್ ಆಗದು ಎಂದ. ಕಿಡ್ಸ್ಟನ್ ರಾಜೀನಾಮೆ ಕೊಟ್ಟ.

ಗವರ್ನರ್ ವಿರೋಧ ಪಕ್ಷದ ನಾಯಕ ರಾಬರ್ಟ್ ಫಿಲ್ಪ್‌ನನ್ನು ಕರೆದು ಸರ್ಕಾರ ರಚಿಸು ಎಂದ. ಫಿಲ್ಪ್‌ಗೆ ಕೆಳಮನೆಯಲ್ಲಿ ಬಹುಮತವೇ ಇರಲಿಲ್ಲ, ಖರ್ಚಿಗೆ ಹಣ ಮಂಜೂರು ಮಾಡಲು ಸದನ ಒಪ್ಪಲಿಲ್ಲ. ಆದರೂ ಸದನ ವಿಸರ್ಜಿಸಿ ಚುನಾವಣೆಗೆ ಹೋದರು. 1908ರ ಫೆಬ್ರವರಿಯಲ್ಲಿ ಜನ ಫಿಲ್ಪ್‌ನನ್ನು ಸೋಲಿಸಿ ಕಿಡ್ಸ್ಟನ್‌ನನ್ನು ಮತ್ತೆ ಕಳುಹಿಸಿದರು. ಬಹುಮತವಿಲ್ಲದವನನ್ನು ಕರೆದು ಅಧಿಕಾರದಲ್ಲಿ ಕೂರಿಸುವ ರಾಜ್ಯಪಾಲರ ಸುದ್ದಿ ಓದಿ ಬೆಳೆದ ನಮಗೆ ಈ ಪ್ರಸಂಗ ತೀರ ಅಪರಿಚಿತವೆನ್ನಿಸದು.

ಗೆದ್ದು ಬಂದ ಕಿಡ್ಸ್ಟನ್ ಎರಡು ಕಾನೂನು ಮಾಡಿಸಿಕೊಂಡ. ರಾಜ್ಯದ ಸಂವಿಧಾನದಲ್ಲಿ ಮೇಲ್ಮನೆಯ ಸ್ವರೂಪ ಬದಲಿಸಲು ಮೂರನೆಯ ಎರಡರಷ್ಟು ಬಹುಮತ ಬೇಕೆಂದಿದ್ದ ನಿಯಮ ಹೋಯಿತು. ಇನ್ನೊಂದು ಕಾನೂನಿನ ಪ್ರಕಾರ, ಕೆಳಮನೆ ಪಾಸು ಮಾಡಿದ ಮಸೂದೆಯನ್ನು ಮೇಲ್ಮನೆ ಎರಡು ಸಲ ತಿರಸ್ಕರಿಸಿದರೆ ಅದನ್ನು ನೇರವಾಗಿ ಜನಮತಗಣನೆಗೆ ಹಾಕಬಹುದು. ಗೋಡೆಗೆ ಮೊದಲ ಬಾಗಿಲು ಕೊರೆದದ್ದು ಹೀಗೆ. ಆ ಬಾಗಿಲಿನಿಂದ ಹಾದುಹೋಗಲು ಮುಂದೆ ಯತ್ನಿಸಿದವರು ಬೇರೆ.

1914ರಲ್ಲಿ ಆಗಿನ ಪ್ರೀಮಿಯರ್ ಡೆನ್‌ಹ್ಯಾಂನ ಲಿಬರಲ್ ಸರ್ಕಾರ ಮತದಾನವನ್ನು ಕಡ್ಡಾಯ ಮಾಡಿತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಅದೇ ಮೊದಲು. ಕಾರ್ಮಿಕ ಸಂಘಗಳು ತಮ್ಮವರನ್ನು ಹೇಗೂ ಮತಗಟ್ಟೆಗೆ ಕರೆತರುತ್ತವೆ, ಮನೆಯಲ್ಲೇ ಉಳಿಯುವವರು ನಮ್ಮವರು ಎಂಬುದು ಲೆಕ್ಕಾಚಾರ. 1915ರ ಮೇ ತಿಂಗಳ ಚುನಾವಣೆಯಲ್ಲಿ ಆ ಲೆಕ್ಕ ತಲೆಕೆಳಗಾಯಿತು. 72ರಲ್ಲಿ 45 ಸ್ಥಾನ ಲೇಬರ್‌ಗೆ. ಡೆನ್‌ಹ್ಯಾಂ ತನ್ನ ಸ್ವಂತ ಕ್ಷೇತ್ರವನ್ನೂ ಕಳೆದುಕೊಂಡ.

ಹೊಸ ಪ್ರೀಮಿಯರ್ ಟಿ. ಜೆ. ರಯಾನ್. ಅದೇ ಬಾರ್ಕೂ ಕ್ಷೇತ್ರ, ಹೆಸರೂ ಅದೇ, ಮನುಷ್ಯ ಮಾತ್ರ ಬೇರೆ. ಇವನು ಓದು ಬರಹ ಬಾರದ ಐರಿಷ್ ರೈತನ ಮಗ, ಶಾಲೆಯಲ್ಲಿ ಪಾಠ ಹೇಳಿ ವಕೀಲನಾದವನು, ನ್ಯಾಯಾಲಯದಲ್ಲಿ ಹಲ್ಲು ಕಚ್ಚಿ ವಾದಿಸುವ ಛಾತಿಯವನು. ಅವನ ಬಲಗೈ ಇ. ಜಿ. ಥಿಯೋಡೋರ್. ರೊಮಾನಿಯಾದಿಂದ ವಲಸೆ ಬಂದವನ ಮಗ, ಹನ್ನೆರಡಕ್ಕೇ ಶಾಲೆ ಬಿಟ್ಟು ಗಣಿಗಳಲ್ಲಿ ದುಡಿದವನು, ಉತ್ತರದ ಗಣಿಗಳಲ್ಲಿ ಸಂಘ ಕಟ್ಟಿ 1909ರಲ್ಲಿ ಸದನಕ್ಕೆ ಬಂದವನು. ಒಬ್ಬ ಕಾನೂನು ಬಲ್ಲವ, ಇನ್ನೊಬ್ಬ ಲೆಕ್ಕ ಬಲ್ಲವ.

ಈ ಸರ್ಕಾರ ಮಾಂಸದ ಬೆಲೆ ಇಳಿಸಲು ಸರ್ಕಾರಿ ಮಾಂಸದ ಅಂಗಡಿ ತೆರೆಯಿತು, ಮೀನಿನಂಗಡಿ ತೆರೆಯಿತು, ಕಬ್ಬಿನ ಸೀಮೆಯ ಬಬಿಂಡಾದಲ್ಲಿ ಹೋಟೆಲನ್ನೂ ನಡೆಸಿತು. ಸರ್ಕಾರದ ಹುಕುಂನಲ್ಲಿ ಮಾಡಬಹುದಾದದ್ದೆಲ್ಲ ನಡೆಯಿತು. ಮಸೂದೆ ಬೇಕಾದಲ್ಲಿ ಮಾತ್ರ ಮೇಲ್ಮನೆ ಅಡ್ಡ ನಿಂತಿತು. ಮರಣದಂಡನೆ ರದ್ದು ಮಾಡುವ ಮಸೂದೆಯನ್ನು ತಿರಸ್ಕರಿಸಿತು. ಹುಲ್ಲುಗಾವಲಿನ ಗುತ್ತಿಗೆ ಬಾಡಿಗೆ ಏರಿಸುವ ಮಸೂದೆಯನ್ನು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿತು. ಈ ಎರಡನೆಯದರಲ್ಲಿ ಮೇಲ್ಮನೆಯ ಹಲವರ ಸ್ವಂತ ಜೇಬಿನ ಪ್ರಶ್ನೆಯೂ ಇತ್ತು.

ಮೇಲ್ಮನೆಯನ್ನೇ ರದ್ದು ಮಾಡುವ ಮಸೂದೆ ತಂದರು. ಮೇಲ್ಮನೆ ಅದನ್ನು ಎರಡು ಸಲ ತಳ್ಳಿಹಾಕಿತು. ಸರಿ, ಕಿಡ್ಸ್ಟನ್ ಕೊರೆದ ಬಾಗಿಲು ಇತ್ತಲ್ಲ. 1917ರ ಮೇ 5ರಂದು, ಕೇಂದ್ರದ ಚುನಾವಣೆಯ ದಿನವೇ, ಜನಮತಗಣನೆ. ರದ್ದಾಗಲಿ ಎಂದವರು 1,16,196. ಬೇಡ ಎಂದವರು 1,79,105.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹತ್ತು ತಿಂಗಳ ನಂತರ, 1918ರ ಮಾರ್ಚಿನಲ್ಲಿ, ಇದೇ ಮತದಾರರು ರಯಾನ್‌ನ ಸರ್ಕಾರವನ್ನು 72ರಲ್ಲಿ 48 ಸ್ಥಾನ ಕೊಟ್ಟು ಇನ್ನಷ್ಟು ಗಟ್ಟಿಯಾಗಿ ಗೆಲ್ಲಿಸಿದರು. ಅಂದರೆ ಜನರಿಗೆ ಸರ್ಕಾರ ಬೇಕಿತ್ತು, ಅದರ ಮೂಗುದಾರವೂ ಬೇಕಿತ್ತು. ಯುದ್ಧದ ದಿನಗಳು, ಕಡ್ಡಾಯ ಸೈನ್ಯ ಸೇರ್ಪಡೆಯ ಜಗಳ, ಎಲ್ಲರಲ್ಲೂ ಅಳುಕು ಇತ್ತು, ನಿಜ. ಆದರೂ ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮತದಾರರು ಗೊಂದಲದಲ್ಲಿದ್ದರು ಎನ್ನುವುದಕ್ಕಿಂತ ಅವರಿಗೆ ತಮಗೇನು ಬೇಕೆಂದು ಚೆನ್ನಾಗಿ ಗೊತ್ತಿತ್ತು ಎನ್ನುವುದೇ ನನಗೆ ಸರಿಯಾಗಿ ಕಾಣುತ್ತದೆ.

ಲೇಬರ್ ಸೋತರೂ ಕಾನೂನಿನ ಕಡೆಯಿಂದ ಅದಕ್ಕೊಂದು ಲಾಭವಾಯಿತು. ಜನಮತಗಣನೆಯ ಸಿಂಧುತ್ವದ ಮೊಕದ್ದಮೆ ಆಸ್ಟ್ರೇಲಿಯಾದ ಹೈಕೋರ್ಟಿಗೆ ಹೋಗಿತ್ತು. ಅಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟಿಗೆ ಸಮಾನ, ಹೆಸರು ನೋಡಿ ಮೋಸಹೋಗಬಾರದು. ರಾಜ್ಯದ ಶಾಸಕಾಂಗಕ್ಕೆ ತನ್ನ ರಚನೆಯನ್ನು ತಾನೇ ಬದಲಿಸಿಕೊಳ್ಳುವ, ಮೇಲ್ಮನೆಯನ್ನು ತೆಗೆದುಹಾಕುವ ಅಧಿಕಾರವೂ ಇದೆ ಎಂದು ನ್ಯಾಯಾಲಯ 1917ರಲ್ಲಿ ಹೇಳಿತು. ಆಗಬಹುದು ಎಂಬುದು ಇತ್ಯರ್ಥವಾಯಿತು. ಹೇಗೆ ಎಂಬುದು ಉಳಿಯಿತು.

ಅದೇ ವರ್ಷದ ಕೊನೆಗೆ ನಡೆದ ಇನ್ನೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ಶಾಸಕನ ಮಾತಿಗೆ ಎಷ್ಟು ರಕ್ಷಣೆ ಇತ್ತು ಎಂಬುದು ಅದರಲ್ಲಿ ತಿಳಿಯುತ್ತದೆ. ಪ್ರಧಾನಿ ಬಿಲ್ಲಿ ಹ್ಯೂಸ್‌ಗೆ ಕಡ್ಡಾಯ ಸೈನ್ಯ ಸೇರ್ಪಡೆ ಬೇಕಿತ್ತು, ರಯಾನ್ ಅದರ ಕಡುವಿರೋಧಿ. ಯುದ್ಧಕಾಲದ ಸೆನ್ಸಾರ್ ರಯಾನ್‌ನ ಭಾಷಣದ ಭಾಗಗಳನ್ನು ಪತ್ರಿಕೆಗಳಲ್ಲಿ ಕತ್ತರಿಸಿತು. ರಯಾನ್, ಥಿಯೋಡೋರ್ ಇಬ್ಬರೂ ಕತ್ತರಿಸಿದ ಮಾತುಗಳನ್ನೇ ಸದನದಲ್ಲಿ ಎದ್ದು ನಿಂತು ಹೇಳಿದರು. ಸದನದಲ್ಲಿ ಆಡಿದ ಮಾತು ಅಧಿಕೃತ ನಡಾವಳಿಯಲ್ಲಿ ಅಚ್ಚಾಗಲೇಬೇಕು, ಅದನ್ನು ತಡೆಯುವವರು ಯಾರು? ತಡೆಯಲು ಸ್ವತಃ ಪ್ರಧಾನಿಯೇ ಬಂದ. 1917ರ ನವೆಂಬರ್ 26ರ ರಾತ್ರಿ ಸೈನಿಕರ ಸಮೇತ ಬ್ರಿಸ್ಬೇನಿನ ಸರ್ಕಾರಿ ಮುದ್ರಣಾಲಯಕ್ಕೆ ಹೋಗಿ ನಡಾವಳಿಯ ಆ ಸಂಚಿಕೆಯ ಪ್ರತಿಗಳನ್ನು ವಶಪಡಿಸಿಕೊಂಡ. ಮೂರು ದಿನಗಳ ನಂತರ ವಾರ್ವಿಕ್ ರೈಲು ನಿಲ್ದಾಣದಲ್ಲಿ ಯಾರೋ ಅವನತ್ತ ಮೊಟ್ಟೆ ಎಸೆದರು. ಎಸೆದವನನ್ನು ಹಿಡಿಯಿರಿ ಎಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ನಾನು ರಾಜ್ಯದ ಕಾನೂನಿಗೆ ಬದ್ಧ ಎಂದು ಅವನ ಆಜ್ಞೆ ಪಾಲಿಸಲಿಲ್ಲ. ಸಿಟ್ಟಿಗೆದ್ದ ಹ್ಯೂಸ್ ಕೇಂದ್ರಕ್ಕೆ ತನ್ನದೇ ಪೊಲೀಸ್ ಪಡೆ ಕಟ್ಟಿಸಿದ. ಒಂದು ಮೊಟ್ಟೆಯಿಂದ ಹುಟ್ಟಿದ ಪೊಲೀಸ್ ಪಡೆ ಬಹುಶಃ ಜಗತ್ತಿನಲ್ಲಿ ಬೇರೆ ಇಲ್ಲ.

ಮೇಲ್ಮನೆಗೆ ಮರಳೋಣ. ಜನ ಬೇಡವೆಂದ ಮೇಲೆ ಲೇಬರ್‌ಗೆ ಉಳಿದದ್ದು ಕಿಡ್ಸ್ಟನ್ ಮೊದಲು ಕೇಳಿದ್ದ ದಾರಿಯೇ: ಮೇಲ್ಮನೆಯಲ್ಲಿ ತನ್ನವರನ್ನು ತುಂಬುವುದು. ಸದಸ್ಯರ ಸಂಖ್ಯೆಗೆ ಮಿತಿ ಇರಲಿಲ್ಲ ಎಂಬ ಮಾತು ಈಗ ಕೆಲಸಕ್ಕೆ ಬಂತು. ಹಳೆಯ ಸದಸ್ಯರನ್ನು ತೆಗೆಯಲು ಯಾರಿಂದಲೂ ಆಗದು, ಅವರು ಆಜೀವರು. ಆದರೆ ಅವರಿಗಿಂತ ಹೆಚ್ಚು ಹೊಸಬರನ್ನು ಸೇರಿಸಬಹುದು. ಗವರ್ನರ್ ಒಪ್ಪಬೇಕು, ಅಷ್ಟೇ. ಆಗಿನ ಗವರ್ನರ್ ಗೂಲ್ಡ್-ಆಡಮ್ಸ್ ದೊಡ್ಡ ಸಂಖ್ಯೆಯ ನೇಮಕಕ್ಕೆ ಒಪ್ಪಲಿಲ್ಲ. ಜನಮತಗಣನೆಯ ಫಲಿತಾಂಶ ಕಣ್ಣೆದುರಿಗೇ ಇತ್ತು, ಅವನ ಹಿಂಜರಿಕೆಯನ್ನು ತಪ್ಪೆನ್ನುವುದು ಕಷ್ಟ.

1919ರಲ್ಲಿ ರಯಾನ್ ಕೇಂದ್ರ ರಾಜಕೀಯಕ್ಕೆ ಹೋದ, ಥಿಯೋಡೋರ್ ಪ್ರೀಮಿಯರ್ ಆದ. 1920ರ ಆರಂಭದಲ್ಲಿ ಗೂಲ್ಡ್-ಆಡಮ್ಸ್ ಹುದ್ದೆ ಬಿಟ್ಟು ಹೊರಟ. ಹೊಸ ಗವರ್ನರ್ ಬರುವವರೆಗೆ ಲೆಫ್ಟಿನೆಂಟ್ ಗವರ್ನರ್ ಆಗಿ ಕೂತವನು ವಿಲಿಯಂ ಲೆನನ್. ಡಬ್ಲಿನ್‌ನಲ್ಲಿ ಹುಟ್ಟಿದವನು, ಒಂದು ಕಾಲದ ಬ್ಯಾಂಕ್ ಮ್ಯಾನೇಜರ್, ಕೆಲವೇ ದಿನಗಳ ಹಿಂದಿನವರೆಗೂ ಲೇಬರ್ ಶಾಸಕ, ಸಭಾಧ್ಯಕ್ಷನಾಗಿಯೂ ಮಂತ್ರಿಯಾಗಿಯೂ ಇದ್ದವನು. ಫೆಬ್ರವರಿಯಲ್ಲಿ ಅವನು ಲೇಬರ್‌ನ 14 ಮಂದಿಯನ್ನು ಒಮ್ಮೆಗೇ ಮೇಲ್ಮನೆಗೆ ನೇಮಿಸಿದ. ಚೆಮ್ಸ್‌ಫರ್ಡ್ ನಿರಾಕರಿಸಿದ್ದು, ಗೂಲ್ಡ್-ಆಡಮ್ಸ್ ಹಿಂಜರಿದದ್ದು, ಲೆನನ್‌ನ ಒಂದು ಸಹಿಯಲ್ಲಿ ಮುಗಿಯಿತು. ಮುಂದೆ ಆ ಮೇಲ್ಮನೆಯ ಕೊನೆಯ ಸಭಾಪತಿಯಾದವನೂ ಅವನೇ.

ತುಂಬಿಸಿದ ಮೇಲ್ಮನೆ ಮೊದಲು ಮಾಡಿದ ದೊಡ್ಡ ಕೆಲಸ, ಗುತ್ತಿಗೆ ಬಾಡಿಗೆಯ ಏರಿಕೆಗೆ ಇದ್ದ ಮಿತಿಯನ್ನು ಪೂರ್ವಾನ್ವಯವಾಗಿ ತೆಗೆದುಹಾಕುವ ಮಸೂದೆಗೆ ಒಪ್ಪಿಗೆ. ಇದಕ್ಕೆ ಬೆಲೆ ತೆರಬೇಕಾಯಿತು. ಮಾಜಿ ಪ್ರೀಮಿಯರ್ ಫಿಲ್ಪ್ ಇಬ್ಬರು ಜೊತೆಗಾರರೊಂದಿಗೆ ಲಂಡನ್ನಿಗೆ ಹೋಗಿ, ಈ ಸರ್ಕಾರ ಕೊಟ್ಟ ಮಾತು ಮುರಿಯುವಂಥದ್ದು ಎಂದು ದೂರಿತ್ತ. ಹುಲ್ಲುಗಾವಲುಗಳಲ್ಲಿ ಹಣ ಹೂಡಿದ್ದ ಲಂಡನ್ನಿನ ಸಾಹುಕಾರರು ಕೈ ಬಿಗಿಮಾಡಿದರು. ಸಾಲ ಕೇಳಲು ಹೋದ ಥಿಯೋಡೋರ್ ಬರಿಗೈಯಲ್ಲಿ ಬಂದ. ಕೊನೆಗೆ 1921ರಲ್ಲಿ ಸಾಲ ಎತ್ತಿದ್ದು ನ್ಯೂಯಾರ್ಕಿನಲ್ಲಿ. ಶಾಸಕಾಂಗದಲ್ಲಿ ಮೇಲ್ಮನೆಯನ್ನು ಗೆದ್ದರೂ ಅದರ ಹಿಂದಿದ್ದ ದುಡ್ಡಿನ ಮನೆ ಅಲ್ಲೇ ಇತ್ತು.

1920ರ ಅಕ್ಟೋಬರ್ ಚುನಾವಣೆಯಲ್ಲಿ ಲೇಬರ್ 38 ಸ್ಥಾನಕ್ಕೆ ಇಳಿಯಿತು. ಕೂದಲೆಳೆಯ ಬಹುಮತ. ಆದರೂ ಮರುವರ್ಷ ಥಿಯೋಡೋರ್ ಮೇಲ್ಮನೆ ರದ್ದತಿಯ ಮಸೂದೆ ತಂದ. ಈ ಸಲ ಜನಮತಗಣನೆಯ ದಾರಿಯಲ್ಲ, ಸಾಮಾನ್ಯ ಮಸೂದೆಯಂತೆ ಎರಡೂ ಮನೆಗಳಲ್ಲಿ. ಮೇಲ್ಮನೆಯ ಹೊಸಬರು ತಮ್ಮ ಮನೆಯನ್ನು ರದ್ದುಪಡಿಸುತ್ತೇವೆಂದು ಪಕ್ಷಕ್ಕೆ ಮಾತು ಕೊಟ್ಟು ಒಳಗೆ ಬಂದವರು. ಅವರಿಗೆ ‘ಆತ್ಮಹತ್ಯಾ ದಳ’ ಎಂಬ ಹೆಸರು ಬಿತ್ತು. ಕೊಟ್ಟ ಮಾತಿನಂತೆ ಮತ ಹಾಕಿದರು. ವಿರೋಧಿಗಳು ಲಂಡನ್ನಿಗೆ ಮನವಿ ಕಳುಹಿಸಿದರು. ಆಗಿನ ವಸಾಹತು ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಇದು ಆ ರಾಜ್ಯದ ಆಂತರಿಕ ವಿಷಯ ಎಂದುಕೊಂಡು ಲಂಡನ್ ಅಡ್ಡಬರಲಿಲ್ಲ. ಐದನೆಯ ಜಾರ್ಜ್ ದೊರೆಯ ಅಂಕಿತ ಬಿದ್ದು, 1922ರ ಮಾರ್ಚ್ 23ರಂದು ಮೇಲ್ಮನೆ ಇಲ್ಲವಾಯಿತು.

ಇದೇ ಉಪಾಯ ಪಕ್ಕದ ರಾಜ್ಯದಲ್ಲಿ ಕೈಕೊಟ್ಟಿತು. ನ್ಯೂ ಸೌತ್ ವೇಲ್ಸ್‌ನ ಮೇಲ್ಮನೆಯೂ ಆಗ ನೇಮಕದ್ದೇ. 1925ರ ಕೊನೆಯಲ್ಲಿ ಅಲ್ಲಿನ ಲೇಬರ್ ಪ್ರೀಮಿಯರ್ ಜ್ಯಾಕ್ ಲ್ಯಾಂಗ್ 25 ಮಂದಿಯನ್ನು ನೇಮಿಸಿ ರದ್ದತಿಯ ಮಸೂದೆ ತಂದ. ಮತಕ್ಕೆ ಹಾಕುವ ಹೊತ್ತಿಗೆ ಅವನದೇ ಪಕ್ಷದ ಕೆಲವರು ವಿರುದ್ಧ ಮತ ಹಾಕಿದರು, ಕೆಲವರು ಸದನಕ್ಕೇ ಬರಲಿಲ್ಲ. ಮೆತ್ತನೆಯ ಕುರ್ಚಿಯ ಬಗ್ಗೆ ಟಾಮ್ ರಯಾನ್ ಹೇಳಿದ್ದು ಸುಮ್ಮನೆ ಅಲ್ಲ. ಉಳಿದ ನಾಲ್ಕು ರಾಜ್ಯಗಳಲ್ಲಿ ಈ ದಾರಿಯೇ ಇರಲಿಲ್ಲ. ಅಲ್ಲಿ ಮೇಲ್ಮನೆಗೆ ಚುನಾವಣೆ ನಡೆಯುತ್ತಿತ್ತು, ಆದರೆ ಆಸ್ತಿ ಇದ್ದವರಿಗೆ ಮತ್ತು ಅಂಥ ಕೆಲವು ಅರ್ಹತೆ ಇದ್ದವರಿಗೆ ಮಾತ್ರ ಮತ. ಸೌತ್ ಆಸ್ಟ್ರೇಲಿಯಾದಲ್ಲಿ ಈ ಕಟ್ಟು ಸಡಿಲಿದ್ದು 1973ರಲ್ಲಿ. ಹೊರನೋಟಕ್ಕೆ ಆಜೀವ ನೇಮಕದ ಮನೆ ಭದ್ರವಾದ ಕೋಟೆ, ಚುನಾಯಿತ ಮನೆ ಸಡಿಲ. ನಿಜದಲ್ಲಿ ತಿರುಗುಮುರುಗು. ಆಸ್ತಿವಂತರ ಚುನಾವಣೆಯಿಂದ ಬಂದ ಮನೆಗೆ ಹೊರಗಿನಿಂದ ಯಾರನ್ನೂ ತುರುಕಲಾಗದು. ನೇಮಕದ ಮನೆಗೆ ಒಬ್ಬ ಅನುಕೂಲದ ಗವರ್ನರ್ ಸಿಕ್ಕರೆ ಸಾಕು.

ರದ್ದತಿಯ ವರ್ಷವೇ ಕ್ವೀನ್ಸ್‌ಲ್ಯಾಂಡ್ ಮರಣದಂಡನೆಯನ್ನು ತೆಗೆದುಹಾಕಿತು. ಸಾಮ್ರಾಜ್ಯದಲ್ಲೇ ಮೊದಲು ಈ ಕೆಲಸ ಮಾಡಿದ್ದು ಅದು. ನಿರುದ್ಯೋಗಿಗಳ ವಿಮೆಯ ಕಾನೂನೂ ಅದೇ ವರ್ಷ ಬಂತು. ಮೇಲ್ಮನೆ ಇದ್ದಿದ್ದರೆ ಇವು ಇಷ್ಟು ಬೇಗ ಆಗುತ್ತಿರಲಿಲ್ಲ ಎಂದು ಲೇಬರ್‌ನವರು ಹೇಳುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ಒಂದೇ ಮನೆ ಎಂದರೆ ಎಲ್ಲರಿಗೂ ಜಾಗ ಸಿಕ್ಕಿತೆಂದೂ ಅಲ್ಲ. 1915ರಿಂದಲೇ ಹೆಂಗಸರು ಚುನಾವಣೆಗೆ ನಿಲ್ಲಬಹುದಿತ್ತು. ಮೊದಲ ಶಾಸಕಿ ಐರೀನ್ ಲಾಂಗ್‌ಮನ್ ಬುಲಿಂಬಾ ಕ್ಷೇತ್ರದಿಂದ ಗೆದ್ದು ಬಂದದ್ದು 1929ರಲ್ಲಿ. ಶಾಸನಭವನದಲ್ಲಿ ಆಕೆಗೆ ಶೌಚಾಲಯವಿರಲಿಲ್ಲ. ಸದಸ್ಯರ ಭೋಜನಶಾಲೆಯಲ್ಲಿ ಜಾಗವಿಲ್ಲದೆ ಊಟ ಜಗಲಿಯಲ್ಲಿ. ಆಕೆಯ ನಂತರ ಇನ್ನೊಬ್ಬ ಶಾಸಕಿ ಬರಲು 1966 ಆಗಬೇಕಾಯಿತು.

1934ರಲ್ಲಿ ಲೇಬರ್ ಸರ್ಕಾರ ಇನ್ನೊಂದು ಕಾನೂನು ಮಾಡಿತು. ಮುಂದೆ ಯಾವುದೇ ಸರ್ಕಾರ ಮೇಲ್ಮನೆಯನ್ನು ಮತ್ತೆ ಸ್ಥಾಪಿಸಬೇಕೆಂದರೆ ಮೊದಲು ಜನಮತಗಣನೆ ನಡೆಸಿ ಜನರ ಒಪ್ಪಿಗೆ ಪಡೆಯಬೇಕು. 1917ರಲ್ಲಿ 1,79,105 ಜನ ಬೇಡವೆಂದ ಮೇಲೂ ರದ್ದು ಮಾಡಿದವರದೇ ಪಕ್ಷ ಇದು. ಆ ಕಾನೂನು ಬಂದ ಮೇಲೆ ಕ್ವೀನ್ಸ್‌ಲ್ಯಾಂಡಿನ ಜನರನ್ನು ಮೇಲ್ಮನೆ ಬೇಕೇ ಎಂದು ಯಾರೂ ಕೇಳಿಲ್ಲ. ಮೇಲ್ಮನೆ ಸೇರುತ್ತಿದ್ದ ಸಭಾಂಗಣವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. ಅಲ್ಲಿ ಈಗ ಸಮಾರಂಭಗಳು ನಡೆಯುತ್ತವೆ, ಸಮಿತಿಗಳು ಸೇರುತ್ತವೆ. ಅದನ್ನು ಕೆಂಪು ಸಭಾಂಗಣ ಎಂದು ಕರೆಯುತ್ತಾರೆ.